ನಿಮ್ಮ ನಡಿಗೆ ನನಗೆ ಗುರುತಿದೆ

ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಅಪ್ಪಗಳಿಗೆ, ಅವ್ವಗಳಿಗೆ, ಅಕ್ಕ-ಅಣ್ಣ-ತಮ್ಮಂದಿರಿಗೆ ಲಿಂಗಸುಗೂರಿನ ಒಬ್ಬ ಹೆಣ್ಣುಮಗಳ ಶರಣು ಶರಣಾರ್ಥಿ.

ನಿಮ್ಮಲ್ಲಿ ಬಹಳ ಮಂದಿಯ ಹೆಸರು ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಕಾಗದ ಬರೆಯುತ್ತಿದ್ದೆ. ಈ ದಾರಿಯಲ್ಲಿ ಯಾರೂ ಹೆಸರು ಕೇಳುವುದಿಲ್ಲ. ‘ಯಾವೂರ ಕಂಬಿ ರೀ?’ ಅಂತ ಕೇಳುತ್ತೇವೆ; ಕಂಬಿ ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನ, ನಮ್ಮ ಮಲ್ಲಯ್ಯನ, ಹೆಸರಿನಲ್ಲಿ ಊರವರು ಹೆಗಲ ಮೇಲೆ ಹೊತ್ತು ನಡೆಯುವ ಕೋಲು. ಊರು ತಿಳಿದರೆ ಸಾಕು, ಅದಕ್ಕೊಂದು ಅಜ್ಜ, ಒಂದು ಅಕ್ಕ, ಒಂದು ತಮ್ಮ ಜೋಡಿಸಿ ಕರೆಯುತ್ತೇವೆ. ಜಮಖಂಡಿ ಅಜ್ಜ, ರಬಕವಿ ಅಕ್ಕ, ಇಂಡಿ ತಮ್ಮ. ಹಗಲು ರಾತ್ರಿ ಕೂಡಿ ನಡೆದವರು ನಾವು; ಒಂದೇ ಗಂಗಾಳದಾಗ ಕೈಯಿಟ್ಟು ಉಂಡವರು. ಆದರೂ ನಿಮ್ಮ ಮನೆ ಯಾವ ಓಣಿಯಲ್ಲಿದೆ, ಮಕ್ಕಳೆಷ್ಟು, ಹೊಲವೆಷ್ಟು, ಯಾವುದೂ ನನಗೆ ತಿಳಿಯದು. ಮುಖ ಕೂಡ ಪೂರಾ ನೆನಪಿಗೆ ಬರುವುದಿಲ್ಲ, ಯಾಕೆಂದರೆ ರಸ್ತೆಯ ಅಂಚು ಹಿಡಿದು ಒಬ್ಬರ ಹಿಂದೊಬ್ಬರು ನಡೆಯುವಾಗ ಕಣ್ಣಿಗೆ ಬೀಳುವುದು ಬೆನ್ನು ಮತ್ತು ಹಿಮ್ಮಡಿ. ಹೀಗಾಗಿ ನಿಮ್ಮ ನಡಿಗೆ ಮಾತ್ರ ನನಗೆ ಚೆನ್ನಾಗಿ ಗುರುತಿದೆ. ಬಲಗಾಲು ಸ್ವಲ್ಪ ಹೊರಗೆ ಹಾಕಿ ನಡೆಯುವವರು ಯಾರು, ಎಡಗೈ ಸೊಂಟದ ಮೇಲಿಟ್ಟು ಏರು ಹತ್ತುವವರು ಯಾರು, ದಣಿದಾಗ ಹೆಜ್ಜೆ ಸಣ್ಣದು ಮಾಡುವವರು ಯಾರು, ದಣಿದಾಗ ಸಿಟ್ಟಿಗೆದ್ದು ಜೋರು ನಡೆಯುವವರು ಯಾರು, ಇವೆಲ್ಲ ಗೊತ್ತು. ನಾಳೆ ಬಾಗಲಕೋಟೆಯ ಸಂತೆಯಲ್ಲಿ ನೀವು ಸಿಕ್ಕರೆ ಎದುರಿನಿಂದ ಬಂದಾಗ ದಾಟಿ ಹೋದೇನು. ಬೆನ್ನು ತಿರುಗಿಸಿ ಹತ್ತು ಹೆಜ್ಜೆ ನಡೆದರೆ ಕೂಗಿ ನಿಲ್ಲಿಸುತ್ತೇನೆ.

ನಮ್ಮೂರು ನಿಮಗೆ ದಾರಿಯ ಮೇಲಿನ ಒಂದು ಊರು. ಹುನಗುಂದ, ಇಳಕಲ್ ದಾಟಿ, ಮುದಗಲ್ಲಿನ ಕೋಟೆ ನೋಡಿಕೊಂಡು ಬರುತ್ತೀರಿ. ಲಿಂಗಸುಗೂರಿನಲ್ಲಿ ಒಂದು ಹೊತ್ತು ಕಾಲು ಚಾಚಿ, ಮತ್ತೆ ಕವಿತಾಳ, ಸಿರವಾರದ ಕಡೆ ನಡೆಯುತ್ತೀರಿ. ಹೋಳಿ ಹುಣ್ಣಿಮೆ ಮುಗಿದ ಮೇಲೆ ನಮ್ಮ ಮುದಗಲ್ ರಸ್ತೆಗೆ ನಿದ್ದೆಯಿಲ್ಲ. ನಸುಕಿನಲ್ಲಿ ಬೆತ್ತಕ್ಕೆ ಕಟ್ಟಿದ ಗೆಜ್ಜೆಯ ಸಪ್ಪಳ ಕಿವಿಗೆ ಬಿದ್ದ ಕೂಡಲೇ ನಮ್ಮವ್ವ ಎದ್ದು ಒಲೆ ಹೊತ್ತಿಸುತ್ತಿದ್ದಳು. ಆಗ ದಾಸೋಹಕ್ಕೆ ಪೆಂಡಾಲು, ಬ್ಯಾನರು ಇರಲಿಲ್ಲ. ಬೇವಿನ ಗಿಡದ ಕೆಳಗೆ ಎರಡು ಮಣ್ಣಿನ ಹರವಿ, ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಮಜ್ಜಿಗೆ ಬೆರೆಸಿದ ಅಂಬಲಿ. ‘ಬರ್ರಿ ಯಪ್ಪಾ, ಕುಂದರ್ರಿ, ಒಂದ್ ಗುಟುಕು ಕುಡದು ಹೋಗ್ರಿ’ ಅಂತ ಅವಳು ಕರೆಯುವುದು; ನೀವು ಕುಡಿದು ‘ನಿನ್ನ ಹೊಟ್ಟಿ ತಣ್ಣಗಿರ್ಲಿ ಯವ್ವಾ’ ಅಂದು ಏಳುವುದು. ಈಗ ಇಡೀ ಊರೇ ರಸ್ತೆಗೆ ಬರುತ್ತದೆ. ಗಂಜ್ ಮಾರುಕಟ್ಟೆಯ ವ್ಯಾಪಾರಸ್ಥರು ಅನ್ನ-ಸಾರು ಮಾಡಿಸುತ್ತಾರೆ, ಆಟೋ ಹುಡುಗರು ಕಲ್ಲಂಗಡಿ ಹೋಳು ಮಾಡಿಡುತ್ತಾರೆ, ಔಷಧಿ ಅಂಗಡಿಯವರು ಮುಲಾಮು, ಹತ್ತಿ, ಪಟ್ಟಿ ಹಿಡಿದು ಕೂಡುತ್ತಾರೆ. ಮುಸಲ್ಮಾನರ ಓಣಿಯ ಹುಡುಗರು ಶರಬತ್ತಿನ ಡ್ರಮ್ಮು ಇಟ್ಟುಕೊಂಡು ನಿಲ್ಲುತ್ತಾರೆ. ಇದರಲ್ಲಿ ಅಚ್ಚರಿ ಏನಿಲ್ಲ. ಮುದಗಲ್ಲಿನ ಮೊಹರಂ ನಾಡಿಗೆಲ್ಲ ಹೆಸರಾದದ್ದು. ದೇವರ ಹೆಸರಿನಲ್ಲಿ ನಡೆದು ಬಂದವರಿಗೆ ನೀರು ಕೊಡುವುದನ್ನು ಈ ಸೀಮೆಯವರು ಎರಡೂ ಕಡೆಯಿಂದ ಕಲಿತಿದ್ದಾರೆ.

ಹಾಗೆ ಅಂಬಲಿ ಕೊಡುತ್ತ ನಿಂತಿದ್ದ ನಾನು ಒಂದು ವರ್ಷ ನಿಮ್ಮ ಹಿಂದೆ ಹೊರಟೆ. ಆಮೇಲೆ ಮತ್ತೆ ಮತ್ತೆ ಬಂದೆ. ಈ ಕಾಗದ ಆ ನಡಿಗೆಗಳ ಋಣಕ್ಕಾಗಿ. ಜೊತೆಗೆ ಒಂದು ಮಾತು ಕೇಳಿಕೊಳ್ಳುವುದಿದೆ, ಅದಕ್ಕೂ.

ಮೊದಲು ಜಮಖಂಡಿ ಅಜ್ಜನ ಮಾತು. ಅವರ ಗುಂಪಿನ ಕಂಬಿ ದೊಡ್ಡದು, ಗಂಟೆ ಕಟ್ಟಿ, ಬಣ್ಣದ ಬಟ್ಟೆ ಸುತ್ತಿ, ಹೂ ಏರಿಸಿ ಸಿಂಗಾರ ಮಾಡಿದ್ದು. ಅದನ್ನು ಹೆಗಲಿಂದ ಹೆಗಲಿಗೆ ದಾಟಿಸುತ್ತ ಒಯ್ಯುವ ಗಟ್ಟಿ ಹುಡುಗರು ಬೇಕಾದಷ್ಟಿದ್ದರು. ಅವರಿಗೆ ಓಡುವಷ್ಟು ಉಮೇದು. ಆದರೆ ಅಜ್ಜನದೊಂದು ಕಟ್ಟಳೆ ಇತ್ತು: ಕಂಬಿ ಎಲ್ಲರಿಗಿಂತ ಹಿಂದೆ ನಡೆಯುವವರ ಕಣ್ಣಳತೆಯಲ್ಲೇ ಇರಬೇಕು. ಕಾಲು ಊದಿದ ಯಾವಳೋ ಮುದುಕಿ ಹಿಂದೆ ಬಿದ್ದಳೆಂದರೆ ಮುಂದಿನ ಹುಡುಗರಿಗೆ ಸೀಟಿ ಹೊಡೆದು ನಿಲ್ಲಿಸುತ್ತಿದ್ದರು. ‘ದೇವರು ಮುಂದ ಹೋದ್ರ ಆಕಿ ಯಾರ್ ಹಿಂದ ನಡೀಬೇಕೋ?’ ಅಂತ ಒಂದೇ ಪ್ರಶ್ನೆ. ಹುಡುಗರು ನಿಲ್ಲುತ್ತಿದ್ದರು. ನಿಂತಲ್ಲಿ ಶೇಂಗಾ ಸುಲಿಯುವುದು, ಭಜನಿ ಪದ ಹೇಳುವುದು, ನಗೆಚಾಟಿಕೆ. ಮುದುಕಿ ಬಂದು ಮುಟ್ಟಿದ ಮೇಲೆ ಅವಳಿಗೆ ಮೊದಲು ನೀರು, ಆಮೇಲೆ ಕಂಬಿ ಮೇಲೇಳುವುದು. ಇಡೀ ದಾರಿಯಲ್ಲಿ ನಾನು ಕಂಡ ಮಲ್ಲಯ್ಯನ ಪೂಜೆಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಗುಡಿಯೊಳಗೆ ಕಂಡದ್ದನ್ನೂ ಸೇರಿಸಿ ಹೇಳುತ್ತಿದ್ದೇನೆ.

ಅಜ್ಜನ ಆ ಕಟ್ಟಳೆಯಿಂದಲೇ ನಾವೆಲ್ಲ ಒಬ್ಬರಿಗೊಬ್ಬರು ಸಿಕ್ಕೆವು. ಬೇಗ ನಡೆಯುವವರಿಗೆ ಸಂಗಾತಿ ಯಾಕೆ ಬೇಕು? ನಿಂತು ಕಾಯುವ ಹೊತ್ತಿನಲ್ಲೇ ರಬಕವಿ ಅಕ್ಕ ನನ್ನ ಪಾದ ತನ್ನ ತೊಡೆಯ ಮೇಲೆ ಎಳೆದುಕೊಂಡಳು. ನೇಕಾರರ ಮನೆಯ ಹೆಣ್ಣುಮಗಳು, ಸೂಜಿ-ದಾರ ಅವಳ ಸೆರಗಿನ ತುದಿಯಲ್ಲೇ ಇರುತ್ತಿತ್ತು. ಅವಳ ಪ್ರಕಾರ ಅಂಗಾಲಿನ ಬೊಬ್ಬೆಯನ್ನು ಒಡೆಯಬಾರದು, ಒಡೆದರೆ ಹುಣ್ಣಾಗುತ್ತದೆ. ಸೂಜಿಯನ್ನು ದೀಪದ ಉರಿಯಲ್ಲಿ ಹಿಡಿದು, ಬೊಬ್ಬೆಯ ಈ ಕಡೆಯಿಂದ ಆ ಕಡೆಗೆ ದಾರ ಪೋಣಿಸಿ, ದಾರವನ್ನು ಅಲ್ಲೇ ಬಿಟ್ಟುಬಿಡಬೇಕು; ನೀರು ದಾರ ಹಿಡಿದು ತಾನಾಗಿ ಸೋರುತ್ತದೆ, ಮೇಲಿನ ಚರ್ಮ ಉಳಿಯುತ್ತದೆ. ಆಮೇಲೆ ಹರಳೆಣ್ಣೆ, ಅದರ ಮೇಲೆ ಹಳೆ ಸೀರೆಯ ಚಿಂದಿ. ಡಾಕ್ಟರು ಇದನ್ನು ಒಪ್ಪುತ್ತಾರೋ ಇಲ್ಲವೋ, ನನ್ನನ್ನು ಕರ್ನೂಲಿನವರೆಗೆ ನಡೆಸಿದ್ದು ಆ ದಾರ. ಅಕ್ಕ ಹೆಚ್ಚು ಮಾತಿನವಳಲ್ಲ. ಒಬ್ಬೊಬ್ಬರ ಪಾದ ಹಿಡಿದಾಗಲೂ ಮೊದಲು ಅದಕ್ಕೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಳ್ಳುತ್ತಿದ್ದಳು. ಸಣ್ಣ ಹುಡುಗನ ಪಾದವಾದರೂ ಅಷ್ಟೇ, ಅವಳಿಗಿಂತ ಕಿರಿಯಳಾದ ನನ್ನದಾದರೂ ಅಷ್ಟೇ.

ಇಂಡಿ ತಮ್ಮನದು ಬೇರೆ ತರಹ. ಮರಗಾಲು ಕಟ್ಟಿಕೊಂಡು ಹೊರಟವನು. ನಮ್ಮ ಕಡೆಯ ಮಂದಿ ಶ್ರೀಶೈಲಕ್ಕೆ ಮರಗಾಲಿನ ಮೇಲೆ ನಡೆದು ಹೋಗುವುದನ್ನು ಆಂಧ್ರದವರು ಇಂದಿಗೂ ರಸ್ತೆಗೆ ಬಂದು ನಿಂತು ನೋಡುತ್ತಾರೆ. ಎತ್ತರದಲ್ಲಿ ನಡೆಯುತ್ತಿದ್ದ ಅವನಿಗೆ ಬಾಗಿ ನೀರು ತಗೊಳ್ಳಲು ಬರುತ್ತಿರಲಿಲ್ಲ, ನಾವು ಕೈ ಚಾಚಿ ತಂಬಿಗೆ ಏರಿಸಬೇಕು. ಗಿಡದ ಟೊಂಗೆ ಹಿಡಿದು ನಿಂತು ಕುಡಿಯುತ್ತಿದ್ದ. ‘ಯಕ್ಕಾ, ಮುಂದಿನ ಊರಾಗ ದೀಪ ಕಾಣ್ತಾವು’ ಅಂತ ಕತ್ತಲಲ್ಲಿ ನಮಗಿಂತ ಮೊದಲು ಹೇಳುವವನು ಅವನೇ. ದಣಿದವರಿಗೆ ಆ ಮಾತಿಗಿಂತ ಬೇರೆ ಔಷಧಿ ಬೇಡ. ಹರಕೆ ಯಾವುದಕ್ಕೆ ಹೊತ್ತಿದ್ದ ಅಂತ ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ತಮ್ಮಾ, ಅದು ಈಡೇರಿರಲಿ.

ಇನ್ನು ಸೀರೆಯ ಮಾತು. ಶ್ರೀಶೈಲದ ದೇವಿ ಭ್ರಮರಾಂಬೆ ನಮ್ಮ ಕಡೆಯವರ ಮನೆಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ಮಗಳ ಮನೆಗೆ ಬರಿಗೈಲಿ ಹೋಗುವವರುಂಟೇ? ಸೀರೆ, ಕುಪ್ಪಸ, ಹಸಿರು ಬಳೆ, ಅರಿಸಿನ-ಕುಂಕುಮ, ಉಡಿಯಕ್ಕಿ ಎಲ್ಲ ಗಂಟಿನಲ್ಲಿರಬೇಕು. ಗುಳೇದಗುಡ್ಡದ ಕಡೆಯ ಒಬ್ಬ ಅವ್ವ ಇಳಕಲ್ ಸೀರೆ ತಂದಿದ್ದಳು, ಕೆಂಪು ತೋಪಿನ ಸೆರಗಿನದು. ಸಿರವಾರದ ಹತ್ತಿರ ಒಂದು ಗುಡಿಯ ಕಟ್ಟೆಯಲ್ಲಿ ಮಧ್ಯಾಹ್ನದ ಬಿಸಿಲು ಇಳಿಯಲೆಂದು ಕೂತಾಗ ಗಂಟು ಬಿಚ್ಚಿ ತೋರಿಸಿದಳು. ಅದರ ಜೊತೆಗಿನ ಕುಪ್ಪಸದ ಖಣದ ಬಣ್ಣ ಸೀರೆಗೆ ಒಪ್ಪುತ್ತದೋ ಇಲ್ಲವೋ ಅಂತ ಸುರುವಾದ ಮಾತು ಸಂಜೆಯವರೆಗೆ ನಡೆಯಿತು. ಅಲ್ಲಿದ್ದ ಹೆಂಗಸರೆಲ್ಲ ಸೇರಿದರು. ಒಬ್ಬಳು ‘ಆಕಿ ಬೆಳ್ಳಗದಾಳ, ಹಸಿರೇ ಚಂದ’ ಅಂದಳು. ಇನ್ನೊಬ್ಬಳು ‘ಹೋದ ವರ್ಷ ಹಸಿರು ಕೊಟ್ಟೀನಿ, ಈ ಸಲ ಬ್ಯಾರೆ ಇರ್ಲಿ’ ಅಂದಳು. ಕಡೆಗೆ ಯಾರೋ ತಮ್ಮ ಗಂಟಿನ ಖಣ ತೆಗೆದು ಕೊಟ್ಟು, ಆಕೆಯದನ್ನು ತಾವಿಟ್ಟುಕೊಂಡರು. ದೇವಿಯ ಮುಂದೆ ರಾಶಿ ರಾಶಿ ಸೀರೆ ಬೀಳುತ್ತವೆ, ಯಾವ ಕುಪ್ಪಸ ಯಾವ ಸೀರೆಯದೆಂದು ಅಲ್ಲಿ ಯಾರು ನೋಡುತ್ತಾರೆ ಅಂತ ಕೇಳಬಹುದು. ಆ ಹೆಂಗಸರು ನೋಡುತ್ತಿದ್ದರು. ತವರಿನವರು ನೋಡದಿದ್ದರೆ ಇನ್ನಾರು ನೋಡಬೇಕು?

ಬಿಸಿಲಿನ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಆ ತಿಂಗಳಲ್ಲಿ ರಾಯಚೂರು ಸೀಮೆಯ ಡಾಂಬರು ಹಗಲು ಕಾಲಿಡಗೊಡುವುದಿಲ್ಲ. ಅದಕ್ಕೇ ನಸುಕಿನಲ್ಲಿ ಮತ್ತು ರಾತ್ರಿ ನಡಿಗೆ. ಈ ದಾರಿಯ ಲೆಕ್ಕವನ್ನು ನಮ್ಮ ಹಿರಿಯರು ಚಂದ್ರನ ಮೇಲೆ ಹಾಕಿದ್ದಾರೆ ಅನಿಸುತ್ತದೆ. ಹೋಳಿ ಹುಣ್ಣಿಮೆಗೆ ನೀವು ಊರು ಬಿಡುವಾಗ ಹೊತ್ತು ಮುಳುಗುವಾಗಲೇ ಚಂದ್ರ ಎದುರಿಗೆ ಮೂಡಿರುತ್ತಾನೆ. ನಮ್ಮೂರು ದಾಟುವ ಹೊತ್ತಿಗೆ ಅವನು ಬರುವುದು ಉಂಡು ಮಲಗುವ ಹೊತ್ತಿನ ಮೇಲೆ. ತುಂಗಭದ್ರೆ ದಾಟುವಾಗ ಅವನು ಮೂಡಲು ಅರ್ಧ ರಾತ್ರಿ ಆಗಿರುತ್ತದೆ. ದಿನದಿನಕ್ಕೂ ತಡ, ದಿನದಿನಕ್ಕೂ ಸಣ್ಣ. ಕಾಡು ಸುರುವಾಗುವಾಗ ಅವನು ಇಲ್ಲವೇ ಇಲ್ಲ. ಯುಗಾದಿ ಅಮಾಸಿ ಹತ್ತಿರ ಬಂದಿರುತ್ತದೆ. ಅಂದರೆ ದಾರಿ ಸಲೀಸಾಗಿರುವಾಗ ಬೆಳಕಿತ್ತು. ಕಲ್ಲು, ಮೆಟ್ಟಿಲು, ಕೊರಕಲು ಬಂದಾಗ ಕತ್ತಲೆ. ಆ ಕತ್ತಲಲ್ಲಿ ನಡೆಯಲು ಜೊತೆಯವರೇ ಬೇಕು.

ಕರ್ನಾಟಕ ಮುಗಿದದ್ದು ಕಾಲಿಗೆ ತಿಳಿಯುವುದಿಲ್ಲ, ಕಿವಿಗೆ ತಿಳಿಯುತ್ತದೆ. ಕೆಲವು ಗುಂಪು ರಾಯಚೂರಿನ ಮೇಲೆ ಹೋಗುತ್ತವೆ. ನಾವು ಮಾನ್ವಿ ಹಿಡಿದು ಮಂತ್ರಾಲಯಕ್ಕೆ ಹೋದೆವು. ಹೊಳೆಯಲ್ಲಿ ಮುಳುಗೆದ್ದು ಎಮ್ಮಿಗನೂರಿನ ರಸ್ತೆ ಹಿಡಿದಾಗ ಮನೆಮುಂದೆ ನಿಂತ ಮುದುಕಿಯರು ‘ದಾ ಅಮ್ಮಾ, ಕೂರ್ಚೋ’ ಅನ್ನತೊಡಗಿದರು. ಕೊಟ್ಟದ್ದು ಮಾತ್ರ ಅದೇ ಮಜ್ಜಿಗೆ. ಒಂದು ಹಳ್ಳಿಯಲ್ಲಿ ಒಬ್ಬಾಕೆ ಗುಳೇದಗುಡ್ಡದ ಅವ್ವನ ಕೈ ಹಿಡಿದು ತನ್ನ ಮನೆಯೊಳಗೆ ಕರೆದೊಯ್ದು ಬೆನ್ನು ತಿಕ್ಕಿ ಎರೆದು ಕಳಿಸಿದಳು. ಇವಳಿಗೆ ತೆಲುಗು ಬಾರದು, ಅವಳಿಗೆ ಕನ್ನಡ ಬಾರದು. ಹೊರಡುವಾಗ ಇಬ್ಬರೂ ಕುಂಕುಮ ಹಚ್ಚಿಕೊಂಡರು. ಅವ್ವ ಮುಂದಿನ ಎರಡು ಹರದಾರಿ ಆಕೆಯ ಸೊಸೆಯ ಕಷ್ಟವನ್ನು ನಮಗೆಲ್ಲ ವಿವರವಾಗಿ ಹೇಳಿದಳು. ಯಾವ ಮಾತಿನಲ್ಲಿ ತಿಳಿಯಿತೋ ಮಲ್ಲಯ್ಯನೇ ಬಲ್ಲ.

ಕರ್ನೂಲು, ನಂದಿಕೊಟ್ಕೂರು, ಆತ್ಮಕೂರು. ಅಲ್ಲಿಂದ ವೆಂಕಟಾಪುರ ದಾಟಿದರೆ ನಲ್ಲಮಲ. ಈಗ ಅದು ಹುಲಿಗಳ ಕಾಡು; ಶಿವರಾತ್ರಿ ಮತ್ತು ಯುಗಾದಿಗೆಂದು ನಡೆಯುವವರಿಗೆ ದಾರಿ ತೆರೆಯುತ್ತಾರೆ. ನಾಗಲೂಟಿಯ ವೀರಭದ್ರನಿಗೆ ಕಾಯಿ ಒಡೆದು ಒಳಹೊಕ್ಕರೆ ಪೆಚ್ಚೆರುವು, ಆಮೇಲೆ ಭೀಮುನಿ ಕೊಳ, ಕೊನೆಗೆ ಕೈಲಾಸದ್ವಾರ. ಕಾಡೊಳಗೆ ಚೆಂಚರ ಗುಡಿಸಲುಗಳು. ಅವರಿಗೂ ಅವನು ಅಳಿಯನೇ, ಚೆಂಚು ಮಲ್ಲಯ್ಯ. ನಮ್ಮ ಮನೆಮಗಳ ಸವತಿಯ ತವರಿನಲ್ಲಿ ನೀರು ಕೇಳಿ ಕುಡಿದು ಮುಂದೆ ಹೋಗುತ್ತೇವೆ!

ಭೀಮುನಿ ಕೊಳದ ಇಳಿಜಾರನ್ನು ನಾನು ಎಷ್ಟು ನೆನೆದರೂ ಸಾಲದು. ಎರಡು ಗುಡ್ಡಗಳ ನಡುವಿನ ಕೊರಕಲಿಗೆ ಮೆಟ್ಟಿಲು ಇಳಿದು, ಮತ್ತೆ ಅಷ್ಟೇ ಕಡಿದಾದ ಮೆಟ್ಟಿಲು ಏರಬೇಕು. ಹದಿನಾಲ್ಕನೇ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಅಂತ ಹೇಳುತ್ತಾರೆ. ಆ ಪುಣ್ಯಾತ್ಮ ಕಲ್ಲು ಹಾಸಿದ. ಆದರೆ ಒಂದೊಂದು ಮೆಟ್ಟಿಲು ಒಂದೊಂದು ಎತ್ತರ. ಇಳಿಯುವಾಗ ತೊಡೆ ನಡುಗುತ್ತವೆ. ಅಲ್ಲಿ ಜಮಖಂಡಿ ಅಜ್ಜ ಎಲ್ಲರನ್ನೂ ಸಾಲು ಹಿಡಿಸಿದರು: ಮುಂದಿನವರ ಹೆಗಲ ಮೇಲೆ ಹಿಂದಿನವರ ಕೈ. ಬ್ಯಾಟರಿ ಇದ್ದವರು ಒಬ್ಬರು ಬಿಟ್ಟು ಒಬ್ಬರು. ಮುಂದಿನವರು ‘ಇಲ್ಲಿ ಒಂದು ತಗ್ಗು’ ಅಂದರೆ ಆ ಮಾತು ಬಾಯಿಂದ ಬಾಯಿಗೆ ಹಿಂದಕ್ಕೆ ಬರುತ್ತಿತ್ತು. ನನ್ನ ಹೆಗಲ ಮೇಲೆ ಯಾರದೋ ಒಂದು ಕೈ ಇತ್ತು. ಗಡುಸು ಅಂಗೈ, ಒಕ್ಕಲುತನದವರದು. ಏರು ಮುಗಿದು ಬೆಳಕು ಹರಿದಾಗ ತಿರುಗಿ ನೋಡಿದರೆ ಅವರು ಆಗಲೇ ಮುಂದೆ ಹೋಗಿದ್ದರು. ಆ ಕೈ ಯಾರದಿತ್ತೋ ಅವರು ಇದನ್ನು ಓದುತ್ತಿದ್ದರೆ, ಇಳಿಯುವಾಗ ನಾನು ಎರಡು ಸಲ ಜಾರಿದ್ದು, ಎರಡೂ ಸಲ ನೀವು ಹಿಡಿದದ್ದು ನನಗೆ ನೆನಪಿದೆ.

ಆಮೇಲೆ ಏನಾಗುತ್ತದೆ ಅಂತ ನಿಮಗೆಲ್ಲ ಗೊತ್ತು. ಕೈಲಾಸದ್ವಾರ ದಾಟಿ ಮೇಲೆ ಬಂದ ಕೂಡಲೇ ಲಕ್ಷಗಟ್ಟಲೆ ಮಂದಿ. ಪಾತಾಳಗಂಗೆಗೆ ಇಳಿದರೆ ಅಲ್ಲಿ ನಮ್ಮ ಕೃಷ್ಣೆ. ನಮ್ಮ ಕಡೆಯ ಜಲದುರ್ಗ ಕೋಟೆಯ ಬುಡದಲ್ಲಿ ಹರಿದು ಹೋದದ್ದು ಇದೇ ನೀರೇ ಅಂತ ಬೊಗಸೆ ತುಂಬಿಕೊಂಡೆ. ಅಷ್ಟರಲ್ಲಿ ನಮ್ಮ ಗುಂಪು ಚದುರಿತ್ತು. ಕೆಲವರು ವೀರಗಾಸೆ ನೋಡಲು, ಕೆಲವರು ಮಠಕ್ಕೆ, ಕೆಲವರು ದರ್ಶನದ ಸಾಲಿಗೆ. ಹೀಗೆ ಒಬ್ಬರಿಗೊಬ್ಬರು ‘ಬರ್ತೀನಿ’ ಅಂತ ಕೂಡ ಹೇಳದೆ ಬೇರೆಯಾದೆವು. ಅಷ್ಟು ದೂರ ನಡೆಸಿದ ದೇವರು ನಮಗೆ ಬೀಳ್ಕೊಳ್ಳಲು ಒಂದು ಗಳಿಗೆ ಕೂಡ ಕೊಡಲಿಲ್ಲ. ನನ್ನ ಮನಸ್ಸಿನಲ್ಲಿ ಉಳಿದಿರುವ ಕೊರತೆ ಇದೊಂದೇ. ತಿರುಗಿ ಬರುವಾಗ ಬಸ್ಸು. ದಿನಗಟ್ಟಲೆ ನಡೆದ ದಾರಿಯನ್ನು ಅದು ಒಂದೇ ರಾತ್ರಿಯಲ್ಲಿ ಸುತ್ತಿಬಿಡುತ್ತದೆ. ಕಿಟಕಿಯಲ್ಲಿ ಎಮ್ಮಿಗನೂರಿನ ಆ ಮನೆ, ಸಿರವಾರದ ಆ ಕಟ್ಟೆ ಬರುತ್ತವೇನೋ ಅಂತ ಕಣ್ಣು ಬಿಟ್ಟುಕೊಂಡು ಕೂತಿದ್ದೆ. ಕತ್ತಲಲ್ಲಿ ಎಲ್ಲ ಸರಿದು ಹೋದವು. ನಿಮ್ಮ ಊರುಗಳಲ್ಲಿ ಕಂಬಿ ತಿರುಗಿ ಬಂದ ಮೇಲೆ ಐದೇಶಿ ಮಾಡುತ್ತೀರಿ, ಹೋದವರೆಲ್ಲ ಮತ್ತೊಮ್ಮೆ ಕೂಡಿ ಉಣ್ಣುತ್ತೀರಿ. ನಡುದಾರಿಯಲ್ಲಿ ಸೇರಿಕೊಂಡ ನನ್ನಂಥವರಿಗೆ ಆ ಊಟವಿಲ್ಲ.

ಶ್ರೀಶೈಲದಲ್ಲಿ ಸಾಕ್ಷಿ ಗಣಪತಿ ಇದ್ದಾನಲ್ಲ, ಒಂದು ಕೈಯಲ್ಲಿ ಲೇಖಣಿ, ಇನ್ನೊಂದರಲ್ಲಿ ಪುಸ್ತಕ. ಬಂದವರ ಹೆಸರು ಬರೆದಿಟ್ಟು ಕೈಲಾಸದಲ್ಲಿ ಸಾಕ್ಷಿ ಹೇಳುತ್ತಾನಂತೆ. ನಿಮ್ಮೆಲ್ಲರ ಹೆಸರು ಅವನ ಪುಸ್ತಕದಲ್ಲಿದೆ ಅನ್ನುವುದೇ ನನಗೆ ಸಮಾಧಾನ. ನಮ್ಮ ನೆರೆಯ ಮಸ್ಕಿಯಲ್ಲೂ ಹೆಸರು ಹೇಳಿದ ಒಂದು ಕಲ್ಲಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರ ಕಣ್ಣಿಗೆ ಬಿದ್ದದ್ದು. ಅಲ್ಲಿಯವರೆಗೆ ‘ದೇವಾನಾಂಪ್ರಿಯ’ ಎಂಬಂಥ ಬಿರುದುಗಳಿಂದಷ್ಟೇ ಕಲ್ಲುಗಳಲ್ಲಿ ಮಾತಾಡುತ್ತಿದ್ದ ಅರಸನ ಸ್ವಂತ ಹೆಸರು ಅಶೋಕ ಅಂತ ಮೊದಲು ತಿಳಿಸಿದ್ದು ಆ ಕಲ್ಲು. ಎರಡು ಸಾವಿರ ವರ್ಷದ ಮೇಲೆ ಒಬ್ಬನ ಹೆಸರು ನಮ್ಮ ಸೀಮೆಯಲ್ಲಿ ಸಿಕ್ಕಿರುವಾಗ, ನಿಮ್ಮದೂ ಒಂದು ದಿನ ನನಗೆ ಸಿಕ್ಕೀತು.

ಈಗ ಕೇಳಿಕೊಳ್ಳಬೇಕಾದ ಮಾತಿಗೆ ಬರುತ್ತೇನೆ.

ಸೊನ್ನಲಿಗೆಯ, ಅಂದರೆ ಈಗಿನ ಸೊಲ್ಲಾಪುರದ, ಸಿದ್ಧರಾಮನ ಕತೆ ನಿಮಗೆ ಗೊತ್ತು, ರಾಘವಾಂಕ ಬರೆದಿದ್ದಾನೆ. ಹೊಲ ಕಾಯುತ್ತಿದ್ದ ಹುಡುಗನ ಹತ್ತಿರ ಮಲ್ಲಯ್ಯ ಬಂದು ಮಜ್ಜಿಗೆ ಅಂಬಲಿ ಕೇಳುತ್ತಾನೆ. ಹುಡುಗ ಮನೆಗೆ ಓಡಿ ತರುವಷ್ಟರಲ್ಲಿ ಮಾಯ. ‘ಮಲ್ಲಯ್ಯಾ’ ಅಂತ ಅಳುತ್ತ ಅಲೆಯುವ ಆ ಹುಡುಗನನ್ನು ಶ್ರೀಶೈಲಕ್ಕೆ ಹೊರಟ ಮಂದಿ ಜೊತೆಗೆ ಕರೆದುಕೊಳ್ಳುತ್ತಾರೆ. ಕತೆಯಲ್ಲಿ ಅವರಿಗೆ ಹೆಸರಿಲ್ಲ. ನನಗೆ ಮಾತ್ರ ಅವರ ಮೇಲೇ ಮನಸ್ಸು. ಅಳುವ ಹುಡುಗನನ್ನು ಕಟ್ಟಿಕೊಂಡು ನಡೆಯುವುದು ಸುಲಭವಲ್ಲ. ಅವನ ಸಣ್ಣ ಹೆಜ್ಜೆಗೆ ಇವರೆಲ್ಲ ತಮ್ಮ ಹೆಜ್ಜೆ ತಗ್ಗಿಸಿರಬೇಕು, ಒಂದೆರಡು ದಿನ ತಡವಾಗಿಯೇ ಮುಟ್ಟಿರಬೇಕು. ಅವರು ಅವನನ್ನು ಬಿಟ್ಟು ಹೋಗಿದ್ದರೆ ಸೊಲ್ಲಾಪುರಕ್ಕೆ ಸಿದ್ಧರಾಮ ಇರುತ್ತಿರಲಿಲ್ಲ. ಜಮಖಂಡಿ ಅಜ್ಜ ಅವರ ವಂಶದವರೇ ಅಂತ ನಾನು ನಂಬಿದ್ದೇನೆ.

ಈಚಿನ ವರ್ಷಗಳಲ್ಲಿ ನಮ್ಮ ಬೇವಿನ ಗಿಡದ ಕೆಳಗೆ ಕೂತು ನೋಡುತ್ತೇನೆ. ಮಂದಿ ಹೆಚ್ಚಾಗಿದ್ದಾರೆ, ಸಂತೋಷ. ಹುಡುಗರು ಹೆಚ್ಚಾಗಿದ್ದಾರೆ, ಇನ್ನೂ ಸಂತೋಷ. ಆದರೆ ಕೆಲವು ಗುಂಪುಗಳಲ್ಲಿ ಎಷ್ಟು ದಿನದಲ್ಲಿ ಮುಟ್ಟುತ್ತೇವೆ ಅನ್ನುವುದೇ ಮಾತು. ಮುಂದೆ ಟ್ರ್ಯಾಕ್ಟರಿನಲ್ಲಿ ಡೀಜೆ, ಅದರ ಹಿಂದೆ ಓಡುನಡಿಗೆಯ ಹುಡುಗರು. ಅವರು ದಾಟಿ ಬಹಳ ಹೊತ್ತಾದ ಮೇಲೆ ಅದೇ ಊರಿನ ಒಬ್ಬ ಮುದುಕಿ ಒಬ್ಬಳೇ ಕುಂಟುತ್ತ ಬರುತ್ತಾಳೆ. ‘ನಮ್ಮೂರವರು ಎಷ್ಟು ಮುಂದ ಹೋದ್ರಬೇ?’ ಅಂತ ನನ್ನನ್ನು ಕೇಳುತ್ತಾಳೆ. ಅವಳಿಗೆ ಏನು ಹೇಳಲಿ? ರಾತ್ರಿಯ ರಸ್ತೆ ಈಗ ಮೊದಲಿನ ಹಾಗಿಲ್ಲ. ಲಾರಿಗಳು, ಕಾರುಗಳು ಹೆಚ್ಚಿವೆ; ಒಂಟಿಯಾಗಿ ಅಂಚಿನಲ್ಲಿ ನಡೆಯುವವರು ಚಾಲಕರ ಕಣ್ಣಿಗೆ ಬೀಳುವುದಿಲ್ಲ. ಗುಂಪಾಗಿದ್ದರೆ ಬೀಳುತ್ತಾರೆ.

ನನ್ನ ತಮ್ಮಂದಿರೇ, ನಿಮ್ಮ ಕಾಲಿನ ಬಲ ಮಲ್ಲಯ್ಯ ಕೊಟ್ಟದ್ದು, ಅದು ಇರಲಿ. ಅದನ್ನು ಒಂದು ದಿನ ಮೊದಲು ಮುಟ್ಟಲು ಖರ್ಚು ಮಾಡಬೇಡಿ. ನಿಮ್ಮ ಊರಿನ ಕಂಬಿ ಹಿಂದಿನವರ ಕಣ್ಣಿಗೆ ಕಾಣುವ ಹಾಗೆ ನಡೆಸಿ. ಬೆನ್ನಿನ ಚೀಲಕ್ಕೆ ಹೊಳೆಯುವ ಪಟ್ಟಿ ಅಂಟಿಸಿಕೊಳ್ಳಿ; ಅಜ್ಜಿಯ ಸೆರಗಿಗೂ ಒಂದು ತುಣುಕು ಹೊಲಿಯಿರಿ. ರಾತ್ರಿ ಪಾಳಿ ಹಾಕಿಕೊಂಡು ಇಬ್ಬರು ಎಲ್ಲರಿಗಿಂತ ಹಿಂದೆ ಬನ್ನಿ. ಊರಿಂದ ಒಂದು ಸ್ಟೀಲ್ ಲೋಟ ತಂದರೆ ನಾವು ಕಾಗದದ, ಪ್ಲಾಸ್ಟಿಕ್ಕಿನ ಲೋಟ ತರಿಸುವುದು ತಪ್ಪುತ್ತದೆ. ನೀವು ಹೋದ ಮೇಲೆ ಅವನ್ನು ನಮ್ಮ ಹೊಲಗಳಿಂದ ಆರಿಸುವುದು ಯುಗಾದಿ ಮುಗಿದರೂ ಮುಗಿಯುವುದಿಲ್ಲ. ಡೀಜೆಯ ಮಾತು ನಾನು ಹೆಚ್ಚು ಆಡುವುದಿಲ್ಲ. ಹಿಂದಿನವರು ಕೂಗಿದ್ದು ಕೇಳುವಷ್ಟಾದರೂ ಅದರ ಸದ್ದು ತಗ್ಗಲಿ.

ನಿಮ್ಮಿಂದ ಕಲಿತದ್ದು ನಿಮ್ಮ ದಾರಿಗಷ್ಟೇ ಅಲ್ಲ. 2020ರ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು, ಕೊರೋನಾಕ್ಕೆ ದೇಶವೆಲ್ಲ ಬಂದಾದ ಮೊದಲ ದಿನ. ಆ ಹೊತ್ತಿನಲ್ಲಿ ನಮ್ಮ ರಸ್ತೆ ಖಾಲಿ ಬಿದ್ದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅದಾದ ಮೇಲೆ ಆ ಬೇಸಿಗೆಯಲ್ಲಿ ಬೇರೆ ನಡಿಗೆಯವರು ಬಂದರು. ಬೆಂಗಳೂರು, ಗೋವಾ, ಪುಣೆಗೆ ದುಡಿಯಲು ಹೋಗಿದ್ದ ನಮ್ಮದೇ ತಾಲೂಕುಗಳ ಮಂದಿ, ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು. ಅವರ ಬಾಯಲ್ಲಿ ಮಲ್ಲಯ್ಯನ ಹೆಸರಿರಲಿಲ್ಲ, ಕೈಯಲ್ಲಿ ಗೆಜ್ಜೆಯ ಬೆತ್ತವಿರಲಿಲ್ಲ. ಊರೊಳಗೆ ಬಿಟ್ಟುಕೊಳ್ಳಲು ಜನ ಹೆದರುತ್ತಿದ್ದ ಕಾಲ. ಪಾದ ಮಾತ್ರ ನಿಮ್ಮವೇ: ಅದೇ ಬೊಬ್ಬೆ, ಅದೇ ಒಡಕು. ಬೇವಿನ ಗಿಡದ ಕೆಳಗೆ ಹರವಿ ಇಟ್ಟೆವು, ದೂರದಿಂದಲೇ ನೀರು ಸುರಿದೆವು. ಒಬ್ಬ ಸಣ್ಣ ಬಾಣಂತಿಯ ಕಾಲು ನೋಡಿ ತಡೆಯಲಾಗಲಿಲ್ಲ. ಮುಖಕ್ಕೆ ಸೆರಗು ಕಟ್ಟಿಕೊಂಡು, ರಬಕವಿ ಅಕ್ಕ ಕಲಿಸಿದ ಹಾಗೆ ಸೂಜಿಯನ್ನು ದೀಪಕ್ಕೆ ಹಿಡಿದು ದಾರ ಪೋಣಿಸಿದೆ. ಮೊದಲು ಆ ಪಾದ ಮುಟ್ಟಿ ಹಣೆಗೆ ಒತ್ತಿಕೊಂಡೆ. ಅದನ್ನು ಕಲಿಸಿದವಳೂ ಅವಳೇ.

ನನ್ನ ಮೊಣಕಾಲು ಈಗ ದೂರದ ದಾರಿ ಒಪ್ಪುವುದಿಲ್ಲ. ಹೋಗಲಾಗದ ವರ್ಷ ಮಸ್ಕಿಯ ಗುಡ್ಡದ ಮಲ್ಲಿಕಾರ್ಜುನನಿಗೆ ನಡೆದುಕೊಳ್ಳುತ್ತೇನೆ. ನಮ್ಮ ಸೀಮೆಯವರು ಅದನ್ನು ಎರಡನೇ ಶ್ರೀಶೈಲ ಅನ್ನುತ್ತಾರೆ. ಮೆಟ್ಟಿಲು ಹತ್ತುವಾಗ ಮುಂದಿನವರ ಬೆನ್ನು ನೋಡುವ 
ಚಟ ಬಿಟ್ಟಿಲ್ಲ.

ಗುಳೇದಗುಡ್ಡದ ಅವ್ವಾ, ಈ ಸಲದ ಸೀರೆಯ ಜೊತೆಗೆ ನನ್ನದೂ ಒಂದು ಖಣ ಒಯ್ಯಬೇಕು, ತೆಗೆದಿಟ್ಟಿದ್ದೇನೆ. ಬಣ್ಣ ನೀವೇ ನೋಡಿ ಹೇಳಿರಿ, ಒಪ್ಪದಿದ್ದರೆ ಬದಲಿಸೋಣ. ಇಂಡಿ ತಮ್ಮಾ, ನೀನು ನೆಲದ ಮೇಲೆ ನಡೆದು ಬಂದರೆ ನನಗೆ ಗುರುತು ಸಿಗುವುದಿಲ್ಲ, ನೀನೇ ಕರೆ. ಜಮಖಂಡಿ ಅಜ್ಜ ಇನ್ನೂ ಸೀಟಿ ಹೊಡೆಯುತ್ತಾರೋ ಇಲ್ಲವೋ ಯಾರಾದರೂ ತಿಳಿಸಿ. ಅವರ ಊರಿನ ಕಂಬಿ ಈಗ ಯಾರ ಹೆಗಲ ಮೇಲಿದೆಯೋ ಅವರಿಗೆ ಈ ಕಾಗದ ತೋರಿಸಿ. ಓದಲು ಬಾರದವರಿಗೆ ದಾರಿಯ ತಂಗುದಾಣದಲ್ಲಿ ಯಾರಾದರೂ ಗಟ್ಟಿಯಾಗಿ ಓದಿ ಹೇಳಿ, ಹಿಂದೆ ಬರುವವರು ಬಂದು ಕೂತ ಮೇಲೆ.

ಮುದಗಲ್ ಕಡೆಯಿಂದ ಬರುವಾಗ ಊರು ಸುರುವಾಗುವಲ್ಲಿ, ಬಲಗಡೆಗೆ, ಹಳೆಯ ಬೇವಿನ ಗಿಡ. ಎರಡು ಹರವಿ ಇರುತ್ತವೆ. ಬಿಸಿನೀರು, ಉಪ್ಪು, ಹರಳೆಣ್ಣೆ, ಸೂಜಿ-ದಾರ ಎಲ್ಲ ಅಲ್ಲೇ. ರಾತ್ರಿ ಎಷ್ಟೊತ್ತಿಗೆ ಬಂದರೂ ಕೂಗಿ. ನಿಮ್ಮ ಹೆಸರು ಹೇಳಿ ಕೂಗಿ, ಈ ಸಲ ಬರೆದಿಟ್ಟುಕೊಳ್ಳುತ್ತೇನೆ.

ನಿಮ್ಮ ದಾರಿಯ ತಂಗಿ,
ಲಿಂಗಸುಗೂರು